ಈ ವರ್ಷ ಒಂದಾದರೂ ಮೀನು

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ, ಕೆಲವರಿಗೆ ಹೋದಲ್ಲೆಲ್ಲ ಫಜೀತಿ ಸಿಗುತ್ತದೆ. ನಾನು ಎರಡನೆಯ ಪೈಕಿ. ಮಗ್ಗದ ಮುಂದೆ ಕೂತಿರುವ ತನಕ ನನಗೇನೂ ಆಗುವುದಿಲ್ಲ. ಗಾಳದ ಕೋಲು ಹಿಡಿದು ಹೊಸ್ತಿಲು ದಾಟಿದೆನೋ, ಏನಾದರೊಂದು ಆಗಿಯೇ ಆಗುತ್ತದೆ. ಮೀನು ಸಿಗುವುದೊಂದನ್ನು ಬಿಟ್ಟು.

ನಾನು ಗಜೇಂದ್ರಗಡದ ನೇಕಾರ, ಮೂವತ್ತೈದು ವರ್ಷದಿಂದ ಸೀರೆ ನೇಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಮಗ್ಗ ನೋಡಲು ಬಂದಿದ್ದ ದೂರದೂರಿನ ಹಿರಿಯರೊಬ್ಬರು, ಹರಿದ ಎಳೆಗೆ ನಾನು ಗಂಟು ಹಾಕುವುದನ್ನು ಬಹಳ ಹೊತ್ತು ನೋಡಿ, ಇವು ನೊಣ ಕಟ್ಟುವ ಬೆರಳು ಅಂದರು. ನನಗೆ ತಿಳಿಯಲಿಲ್ಲ. ಅವರು ಕೂತು ಬಿಡಿಸಿ ಹೇಳಿದರು. ಸಣ್ಣ ಕೊಂಡಿಯ ಮೇಲೆ ದಾರ, ಪುಕ್ಕ ಸುತ್ತಿ ಸುಳ್ಳು ನೊಣ ಕಟ್ಟಬೇಕು. ಉದ್ದ ದಾರದ ತುದಿಗೆ ಅದನ್ನು ಹಚ್ಚಿ, ಕೋಲು ಬೀಸಿ, ನೀರಿನ ಮೇಲೆ ಹಗುರಕ್ಕೆ ಇಳಿಸಬೇಕು. ಮೀನು ಅದನ್ನು ಖರೇ ನೊಣ ಅಂತ ತಿಳಿದು ಬಾಯಿ ಹಾಕಬೇಕು. ಆಮೇಲೆ ಕೊಂಡಿ ಬಿಡಿಸಿ ಮೀನನ್ನು ತಿರುಗಿ ನೀರಿಗೆ ಬಿಡಬೇಕು. ಕೊಲ್ಲುವುದಿಲ್ಲ, ತಿನ್ನುವುದಿಲ್ಲ. ತತ್ತಿಯನ್ನೂ ಮುಟ್ಟದ ಮನೆಯವನಾದ ನನಗೆ ಇದಕ್ಕಿಂತ ಚಲೋ ಹುಚ್ಚು ಯಾವುದಿದ್ದೀತು? ಮುಂದಿನ ಸಲ ಬಂದಾಗ ಅವರು ತಮ್ಮ ಹಳೆಯ ಕೋಲನ್ನೇ ನನಗೆ ಕೊಟ್ಟುಹೋದರು.

ಮೊದಲ ವರ್ಷ ನೂರು ಮೀನು ಹಿಡಿಯುವ ಗುರಿ ಇಟ್ಟುಕೊಂಡೆ. ಎರಡನೆಯ ವರ್ಷ ಹತ್ತು. ಎರಡೂ ವರ್ಷ ಒಂದೂ ಸಿಗಲಿಲ್ಲ. ಹೀಗಾಗಿ ಕಳೆದ ಜನವರಿ ಒಂದಕ್ಕೆ ಕ್ಯಾಲೆಂಡರಿನ ಹಿಂದೆ ಸಣ್ಣದಾಗಿ ಬರೆದುಕೊಂಡೆ: ಕೊಂಡಿ ಯಾರಿಗೂ ಚುಚ್ಚದ ಹಾಗೆ ಬೀಸಲು ಕಲಿಯುವುದು, ತಿಂಗಳಿಗೊಮ್ಮೆ ನೀರಿನ ದಂಡೆಗೆ ಹೋಗುವುದು, ವರ್ಷದೊಳಗೆ ಒಂದೇ ಒಂದು ಮೀನು ಹಿಡಿದು ಬಿಡುವುದು. ನನ್ನ ಹೆಂಡತಿ ಕಂಡಿಕೆಗೆ ನೂಲು ಸುತ್ತುತ್ತಲೇ ಅದನ್ನು ಓದಿ, "ಒಂದು ಭಾಳ ಆತ್ರಿ. ಅರ್ಧ ಅಂತ ಬರೀರಿ" ಅಂದಳು.

ಕಿವಿಯಲ್ಲಿ ನೊಣ

ಬೀಸುವ ಅಭ್ಯಾಸಕ್ಕೆ ಬಯಲು ಬೇಕು. ನಮ್ಮಲ್ಲಿ ಬಯಲೆಂದರೆ ಗುಡ್ಡದ ಮೇಲೆ. ಅಲ್ಲಿ ಗಾಳಿ ಜೋರೆಂದು ಕರೆಂಟು ತೆಗೆಯುವ ದೊಡ್ಡ ದೊಡ್ಡ ಫ್ಯಾನು ನಿಲ್ಲಿಸಿದ್ದಾರೆ. ಅವನ್ನು ನೋಡಿಯಾದರೂ ನನಗೆ ಬುದ್ಧಿ ಬರಬೇಕಿತ್ತು. ಜನವರಿ ಎರಡನೆಯ ತಾರೀಖು ಬೆಳಿಗ್ಗೆ ಕೋಲನ್ನು ಹಿಂದಕ್ಕೆ ಬೀಸಿದೆ, ನೊಣ ಹಿಂದಕ್ಕೆ ಹೋಯಿತು. ಮುಂದಕ್ಕೆ ಬೀಸಿದೆ. ಗಾಳಿ ಅದನ್ನು ತಂದು ನನ್ನ ಬಲಗಿವಿಗೆ ಸಿಗಿಸಿತು.

ಎಳೆದರೆ ಕೊಂಡಿ ಬರಲಿಲ್ಲ, ಜೀವ ಮಾತ್ರ ಬಾಯಿಗೆ ಬಂತು. ದಾರ ಕತ್ತರಿಸಿ, ಆ ಕಿವಿ ಮುಚ್ಚುವ ಹಾಗೆ ಟವೆಲ್ ಸುತ್ತಿಕೊಂಡು ದವಾಖಾನಿಗೆ ಹೋದೆ. ಚೀಟಿ ಬರೆಯುವವನು ಏನಾಗಿದೆ ಅಂತ ಕೇಳಿದ. ಕಿವಿಗೆ ನೊಣ ಸಿಕ್ಕೊಂಡೈತಿ ಅಂದೆ. ಅವನು 'ಕಿವಿಯೊಳಗೆ ನೊಣ' ಅಂತ ಬರೆದ.

ಡಾಕ್ಟರಮ್ಮ ಚೀಟಿ ನೋಡಿ ಎಣ್ಣೆ ಬಿಡಲು ಹೇಳಿದರು. ನರ್ಸು ನನ್ನ ತಲೆ ವಾಲಿಸಿ, ಬರಿದಾಗಿ ಕಾಣುತ್ತಿದ್ದ ಎಡಗಿವಿಗೆ ಎಣ್ಣೆ ಬಿಟ್ಟಳು. ನಾನು ಬಾಯಿ ತೆರೆದೆ, ಅಲುಗಾಡಬೇಡಿ ಅಂದಳು. ಹತ್ತು ನಿಮಿಷ ಹಾಗೇ ಇದ್ದೆ. ಆಮೇಲೆ ಡಾಕ್ಟರಮ್ಮ ಬ್ಯಾಟರಿ ಹಾಕಿ ಇಣುಕಿ, ಒಳಗೆ ಏನೂ ಇಲ್ಲ, ಮನೆಗೆ ಹೋಗಿರಿ ಅಂದರು. ಆಗ ಟವೆಲ್ ಬಿಚ್ಚಿದೆ. ಕೆಂಪು ಹಸಿರು ರೇಷ್ಮೆಯ ನೊಣ ಜೋತಾಡುತ್ತಿತ್ತು.

ಅವರು ಸೂಜಿಮದ್ದು ಹಾಕಿ ಜೋಪಾನವಾಗಿ ಕೊಂಡಿ ತೆಗೆದರು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಇದನ್ನು ನೀವೇ ಮಾಡಿದ್ದಾ ಅಂತ ಕೇಳಿದರು. ಎರಡು ವರ್ಷದಲ್ಲಿ ನನ್ನ ಕೈಕೆಲಸವನ್ನು ಕಣ್ಣೆತ್ತಿ ನೋಡಿದ ಮೊದಲ ಮನುಷ್ಯರು ಅವರು. ಹೌದ್ರಿ ಅಂದೆ.

"ಭಾಳ ಚಂದ ಐತ್ರಿ," ಅಂದರು. "ಎಡಗಿವಿಗೂ ಒಂದು ಮಾಡ್ಕೋರಿ."

ಬರೇ ಪುಕ್ಕ

ನೊಣದ ಕುತ್ತಿಗೆಗೆ ಹುಂಜದ ಪುಕ್ಕ ಬೇಕು. ಕೋಳಿ ಅಂಗಡಿಗೆ ಹೋಗಿ ಪುಕ್ಕ ಕೊಡ್ರಿ ಅಂದೆ. ಕೋಳಿ ಬೇಡವೇ ಅಂತ ಅವನು ಮೂರು ಸಲ ಕೇಳಿದ, ನಾನು ಮೂರು ಸಲ ಬೇಡ ಅಂದೆ. ಕಡೆಗೆ ಒಂದು ಚೀಲ ತುಂಬಿ ಪುಕಟ್ಟೆ ಕೊಟ್ಟ. ಚೀಲ ಹಿಡಿದು ಅಂಗಡಿಯಿಂದ ಹೊರಬೀಳುವುದನ್ನು ನಮ್ಮ ಓಣಿಯವರು ಯಾರೋ ನೋಡಿದರು.

ಸಂಜಿಗೆ ಓಣಿಯ ಇಬ್ಬರು ಹಿರಿಯರು ಮನೆಗೆ ಬಂದರು. ಚಹಾ ಕುಡಿದರು. ನೂಲಿನ ಮಾತಾಡಿದರು, ಬಿಸಿಲಿನ ಮಾತಾಡಿದರು. ಆಮೇಲೆ ಒಬ್ಬರು ನೆಲ ನೋಡುತ್ತ, ತಿನ್ನುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆದರೆ ಮನೆತನಕ್ಕೆ ಒಂದು ಹೆಸರಿದೆ ಅಂದರು. ನನ್ನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ದೇವರಾಣೆ ಮಾಡಿದೆ, ಅವರು ತಲೆ ಎತ್ತಲಿಲ್ಲ. ಸಾಕ್ಷಿ ತೋರಿಸಿಯೇ ಬಿಡುತ್ತೇನೆಂದು ಒಳಗಿನಿಂದ ಚೀಲ ತಂದು ಅವರ ಮುಂದೆ ಸುರಿದೆ. ನೋಡಿರಿ, ಬರೇ ಪುಕ್ಕ, ಬೇರೆ ಏನಾದರೂ ಇದೆಯೇ ಅಂತ ಕೇಳಿದೆ.

ಹಿರಿಯರು ಕನ್ನಡಕ ಹಾಕಿಕೊಂಡು ರಾಶಿಯನ್ನು ಕೆದಕಿ ನೋಡಿದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದರು.

"ಹಂಗಾದ್ರ ಕೋಳಿ ಎಲ್ಲಿ ಹೋತು?"

ಹೊಳೆಆಲೂರಿನ ಸೇತುವೆ

ನಮ್ಮ ಪುಣ್ಯ, ನಮಗೆ ಹೊಸ ವರ್ಷ ಒಂದಕ್ಕೇ ಮುಗಿಯುವುದಿಲ್ಲ. ಜನವರಿ ಕೆಟ್ಟರೆ ಯುಗಾದಿ, ಯುಗಾದಿ ಕೆಟ್ಟರೆ ದೀಪಾವಳಿ ಪಾಡ್ಯ. ಯುಗಾದಿಗೆ ಗುರಿಯನ್ನು ಇನ್ನಷ್ಟು ಇಳಿಸಿದೆ. ಮೀನು ಬೇಡ, ನೊಣ ಒಮ್ಮೆ ನೀರಿನ ಮೇಲೆ ಸರಿಯಾಗಿ ಇಳಿದರೆ ಸಾಕು. ಆದರೆ ಇಳಿಸಲು ನೀರೇ ಇರಲಿಲ್ಲ. ರೋಣದ ಕಡೆಯ ಕೆರೆಗಳು ಬಿರಿದಿದ್ದವು, ಮಲಪ್ರಭಾದಲ್ಲಿ ಎಮ್ಮೆ ಮಲಗುವಷ್ಟು ನೀರಿತ್ತು, ಎಮ್ಮೆ ಮಲಗಿತ್ತು. ಮಳೆಗಾಲದ ತನಕ ಕಾದೆ.

ಮಳೆಗಾಲದಲ್ಲಿ ಒಂದು ದಿನ ಬಸ್ಸು ಹಿಡಿದು ಹೊಳೆಆಲೂರಿಗೆ ಹೋದರೆ ಹೊಳೆ ದಂಡೆ ಮೀರಿ ಕೆಂಪಗೆ ಹರಿಯುತ್ತಿತ್ತು. ಇಳಿಯುವುದಂತೂ ದೂರ, ಕೋಲನ್ನು ಚೀಲದಿಂದ ತೆಗೆಯಲೂ ಇಲ್ಲ. ಸೇತುವೆಯ ಮೇಲೆ ನಿಂತು ನೀರನ್ನೇ ನೋಡಿದೆ. ಒಂದು ತಾಸು ನಿಂತೆ, ಎರಡು ತಾಸು ನಿಂತೆ. ಐವತ್ತೆಂಟು ವಯಸ್ಸಾಯಿತು, ಕಣ್ಣು ಮಂಜಾಗುತ್ತಿದೆ, ಇನ್ನೆಷ್ಟು ವರ್ಷ ಈ ನೊಣ ಕಟ್ಟಿಯೇನು ಅಂತ ಯೋಚನೆ ಬಂದು ಕಣ್ಣಲ್ಲಿ ಸ್ವಲ್ಪ ನೀರೂ ಬಂತು.

ಅಷ್ಟರಲ್ಲಿ ಇಬ್ಬರು ಬಂದು ನನ್ನ ಎರಡೂ ರಟ್ಟೆ ಹಿಡಿದರು. ಹಿಡಿತ ಗಟ್ಟಿ ಇತ್ತು, ಮಾತು ಮೆತ್ತಗಿತ್ತು. ಬರ್ರಿ ಕಾಕಾರ, ಚಾ ಕುಡಿಯೂಣು ಅಂತ ಕರೆದುಕೊಂಡು ಹೋಗಿ ಅಂಗಡಿಯಲ್ಲಿ ಕೂರಿಸಿದರು. ಆ ಕಡೆ ಒಬ್ಬ, ಈ ಕಡೆ ಒಬ್ಬ. ಮನೆಯಲ್ಲಿ ಏನು ತ್ರಾಸು ಅಂತ ಕೇಳಿದರು. ತ್ರಾಸು ಏನಿಲ್ಲ, ಮೀನು ಹಿಡಿಯಲು ಬಂದಿದ್ದೇನೆ ಅಂದೆ. ಇಂಥ ಹೊಳೆಯಲ್ಲೇ ಅಂತ ಕೇಳಿದರು.

"ಹಿಡದು ಏನ್ ಮಾಡ್ತೀರಿ?"

"ಬಿಟ್ಟಬಿಡ್ತೀನಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿರಿಯವನು ನನ್ನ ಕೈಮೇಲೆ ಕೈಯಿಟ್ಟು, "ಹಂಗ ಎಲ್ಲಾ ಬಿಟ್ಟಬಿಡ್ತೀನಿ ಅನಬಾರದ್ರಿ ಕಾಕಾರ" ಅಂದ. ಅವನ ದನಿ ಒಡೆದಿತ್ತು. ನನ್ನ ಫೋನು ತೆಗೆದುಕೊಂಡು ಹೆಂಡತಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟು, ಗಾಬರಿಯಾಗಬೇಡಿ, ನಿಮ್ಮ ಯಜಮಾನರನ್ನು ಸೇತುವೆ ಮೇಲಿಂದ ಉಳಿಸಿಕೊಂಡಿದ್ದೇವೆ ಅಂದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವ್ರು ತಮ್ಮ ಜೀವಾ ಕಳಕೊಳ್ಳೋ ಪೈಕಿ ಅಲ್ಲರಿ," ಅಂದಳು. "ನಮ್ಮ ಜೀವಾ ತಿನ್ನೋ ಪೈಕಿ. ಬಸ್ಸಿಗೆ ಹತ್ತಿಸಿ ಕಳಸ್ರಿ."

ಮೀನಿಗೆ ಸೀರೆ

ಪಾಡ್ಯಕ್ಕೆ ಗುರಿ ಮತ್ತೂ ಇಳಿಯಿತು. ಹಿಡಿಯುವುದು ಬೇಡ, ಒಂದು ಮೀನು ಬಂದು ನನ್ನ ನೊಣವನ್ನು ನೋಡಿದರೆ ಸಾಕು.

ನರಗುಂದದ ಕಡೆ ಕಾಲುವೆಯ ನೀರು ನಿಲ್ಲುವ ಒಂದು ಕೆರೆಗೆ ಹೋಗತೊಡಗಿದೆ. ಅಲ್ಲಿ ಮೀನು ಹಿಡಿದು ಬದುಕುವ ಮುದುಕನೊಬ್ಬ ದಿನಾ ಇರುತ್ತಿದ್ದ. ಜಾಲಿಯ ಕೋಲು, ನೂಲು, ಜೋಳದ ಹಿಟ್ಟಿನ ಉಂಡೆ, ಒಂದು ಹಳೆಯ ಬೀಸುಬಲೆ, ಅಷ್ಟೇ ಅವನ ಸಾಮಾನು. ತಾಸಿಗೆ ಮೂರು ನಾಲ್ಕು ತೆಗೆಯುತ್ತಿದ್ದ. ನಾನು ನಾಲ್ಕು ಸಲ ಹೋದೆ, ನಾಲ್ಕು ಸಲ ಬರಿಗೈಲಿ ಬಂದೆ. ಐದನೆಯ ಸಲ ನೊಣ ನೀರಿನ ಮೇಲೆ ಹೂವಿನ ಹಾಗೆ ಇಳಿಯಿತು. ಕೆಳಗಿನಿಂದ ಒಂದು ಮೀನು ಎದ್ದು ಬಂತು. ಅದು ಮೂಗು ಹತ್ತಿರ ತಂದು, ಒಂದು ಸುತ್ತು ಹಾಕಿ, ಹೊರಟುಹೋಯಿತು.

ಯಾಕೆ ತಿನ್ನಲಿಲ್ಲ ಅಂತ ಮುದುಕನನ್ನು ಕೇಳಿದೆ. ಅವನು ನೊಣವನ್ನು ಇಸಿದುಕೊಂಡು ತಿರುಗಿಸಿ ನೋಡಿ, ಇದು ಯಾತರದ್ದು ಅಂದ. ಸೀರೆಗೆ ಹಾಕುವ ರೇಷ್ಮೆ ಅಂದೆ.

"ಅದಕ್ಕ ಹಸಿವ್ಯಾಗೇತ್ರಿ ಯಜಮಾನ್ರ," ಅಂದ, ಬಹಳ ಸಮಾಧಾನದಿಂದ. "ನೀವು ಸೀರಿ ತೋರಸಾಕತ್ತೀರಿ."

ಡಿಸೆಂಬರ್ ಮೂವತ್ತೊಂದು

ವರ್ಷದ ಕಡೆಯ ದಿನ ಮತ್ತೆ ಆ ಕೆರೆಗೆ ಹೋದೆ. ಹೋಗುವಾಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದೆ, ಇವತ್ತೂ ಆಗದಿದ್ದರೆ ಕೋಲನ್ನು ಅಟ್ಟಕ್ಕೆ ಹಾಕಿಬಿಡುವುದು. ಮಧ್ಯಾಹ್ನದ ತನಕ ಬೀಸಿದೆ. ರಟ್ಟೆ ಬಿದ್ದುಹೋಯಿತು. ಕೋಲು ಮಡಚುವ ಮುಂಚೆ ಕಡೆಯ ಸಲ ಎಂದು ಬೀಸಿದೆ, ಅದೂ ನೆಟ್ಟಗೆ ಬೀಳಲಿಲ್ಲ. ಆದರೆ ದಾರ ಎಳೆಯಿತು.

ಮೀನು ಬಂತು. ನನ್ನ ಬೆರಳಿನಷ್ಟೇ ಇತ್ತು, ಬೆಳ್ಳಗೆ ಹೊಳೆಯುತ್ತಿತ್ತು. ಕೈ ಒದ್ದೆ ಮಾಡಿಕೊಂಡು ಹಿಡಿದೆ. ಅಂಗೈಯಲ್ಲಿ ಅದರ ಮಿಡಿತ ತಿಳಿಯುತ್ತಿತ್ತು. ಕೊಂಡಿ ಬಿಡಿಸಿ, ನೀರಿನಲ್ಲಿ ಕೈಯಿಟ್ಟು ಬೆರಳು ತೆರೆದೆ. ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಸರಕ್ಕನೆ ಹೋಯಿತು. ನನ್ನ ಕಣ್ಣು ತುಂಬಿ ಬಂತು. ಕೆನ್ನೆ ಒರೆಸಿಕೊಂಡೆ.

ಮುದುಕ ಅದನ್ನು ನೋಡಿದ. ಇಷ್ಟು ದಿನ ಕಾದವನ ಕೈಯಿಂದ ಮೀನು ಜಾರಿತು, ಪಾಪ ಅಳುತ್ತಿದ್ದಾನೆ ಅಂತ ತಿಳಿದ. ನಾನು ಬಾಯಿ ತೆರೆಯುವುದರೊಳಗೆ ಬೀಸುಬಲೆ ಎತ್ತಿಕೊಂಡು ಎದೆಮಟ್ಟದ ನೀರಿಗೆ ಇಳಿದ. ಬೇಡ, ನಾನೇ ಬಿಟ್ಟದ್ದು ಅಂತ ದಂಡೆಯ ಮೇಲಿಂದ ಕೂಗಿಕೊಂಡೆ. ನಾಚಿಕೊಳ್ಳಬೇಡಿ, ವಯಸ್ಸಾದ ಮೇಲೆ ಕೈ ಜಾರುತ್ತದೆ ಅಂದ. ಎರಡು ಸಲ ಬಲೆ ಬೀಸಿ, ಡಿಸೆಂಬರಿನ ಥಂಡಿಯಲ್ಲಿ ನಡುಗುತ್ತ ಮೇಲೆ ಬಂದು, ಮೊಳದುದ್ದದ ಒಂದು ಮೀನನ್ನು ಕಲ್ಲಿಗೆ ಬಡಿದು ನನ್ನ ಕೈಗೆ ಕೊಟ್ಟ.

"ನಿಮ್ಮ ಮೀನ, ತಗೋರಿ."

ನನ್ನದು ಇಷ್ಟೇ ಇತ್ತು ಅಂತ ಬೆರಳು ತೋರಿಸಿದೆ.

"ನೀರಾಗ ಬಿದ್ದ ಮ್ಯಾಲೆ ಉಬ್ಬತಾವ್ರಿ," ಅಂದ.

ನೀರು ಸುರಿಯುತ್ತ ನಿಂತ ಆ ಮುದುಕನಿಗೆ ಏನು ಹೇಳಲಿ? ಇಸಿದುಕೊಂಡು ಕೈಮುಗಿದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಚೀಲ ಸೋರಿ ಧೋತರ ಒದ್ದೆಯಾಯಿತು. ರೋಣ ಮುಟ್ಟುವುದರೊಳಗೆ ನನ್ನ ಸುತ್ತಲಿನ ಸೀಟು ಖಾಲಿಯಾಗಿದ್ದವು. ಕಂಡಕ್ಟರು ಬಂದು ಚೀಲದೊಳಗೆ ಇಣುಕಿ, ಚಲೋ ಮೀನು ಅಂದ. ತಗೊಂಡು ಹೋಗು ಅಂತ ಕೊಟ್ಟುಬಿಟ್ಟೆ. ಆಮೇಲೆ ಮನಸ್ಸು ತಡೆಯದೆ, ನಾನೂ ಇವತ್ತು ಒಂದು ಹಿಡಿದೆ, ಆದರೆ ನೀರಿಗೆ ಬಿಟ್ಟೆ ಅಂದೆ. ಸಂತೆಯಲ್ಲಿ ಮೀನು ಕೊಂಡವರೆಲ್ಲ ಹೀಗೇ ಹೇಳುತ್ತಾರೆ ಅಂತ ಅವನು ನಕ್ಕು ಮುಂದೆ ಹೋದ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಮೋರೆ ನೋಡಿ, ಎಂದೂ ಕೇಳದವಳು ಅವತ್ತು ಮೆಲ್ಲಗೆ, ಏನಾದರೂ ಸಿಕ್ಕಿತೇ ಅಂತ ಕೇಳಿದಳು. ವರ್ಷವಿಡೀ ಆ ಪ್ರಶ್ನೆಗಾಗಿ ಕಾದಿದ್ದೆ. ಬೆರಳಷ್ಟು ಮೀನು, ಒಂದು ಗಳಿಗೆ, ಸಾಕ್ಷಿಗೆ ಒಬ್ಬ ಮುದುಕ, ಅವನೂ ಜಾರಿತು ಅನ್ನುತ್ತಾನೆ. ಕಂಡಕ್ಟರೇ ನಂಬದ್ದನ್ನು ಇವಳು ನಂಬಿಯಾಳೇ? ಇಲ್ಲ ಅಂದೆ.

"ಹೋಗ್ಲಿ ಬಿಡ್ರಿ. ಮುಂದಿನ ವರ್ಷ ಸಿಗತೈತಿ," ಅಂದಳು. ಮೂರು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಸಮಾಧಾನದ ಮಾತು. ತಲೆ ತಗ್ಗಿಸಿ ಅವಳನ್ನು ದಾಟಿ ಒಳಗೆ ಕಾಲಿಟ್ಟೆ. ಅವಳು ಸೆರಗನ್ನು ಮೂಗಿಗೆ ಹಿಡಿದುಕೊಂಡಳು.

"ಏನೂ ಸಿಕ್ಕಿಲ್ಲಂದ್ರ ಈ ನಾತ ಯಾರದ್ರಿ?"

"ನಂದ," ಅಂದೆ.

ಅದನ್ನು ಮಾತ್ರ ಅವಳು ಕೂಡಲೇ ನಂಬಿದಳು.