ಹಾರ್ಲೆಮ್‌ನ ಬೆಂಚಿನ ಮೇಲೆ ಚಿತ್ರಾಹುತಿ

ಮುಪ್ಪಿನಲ್ಲಿ ವಿಶೇಷವಾದುದೇನೂ ಘಟಿಸುವುದಿಲ್ಲವೆಂಬುದು ನನ್ನ ಅಳಿಯನ ದೃಢವಾದ ನಂಬಿಕೆ. ಪಾಪ, ಆತ ಒಮ್ಮೆಯೂ ಭಟ್ಟರ ಪಕ್ಕದಲ್ಲಿ ಕುಳಿತು ಪಿಟ್ಜಾ ತಿಂದವನಲ್ಲ.

ಹಾರ್ಲೆಮ್‌ನಲ್ಲಿರುವ ನನ್ನ ಮಗಳ ಮನೆಯಲ್ಲಿ ಮಧ್ಯಾಹ್ನ ದೊರೆಯುವುದು ತಣ್ಣನೆಯ ಎರಡು ತುಂಡು ಬ್ರೆಡ್ಡು, ನಡುವೆ ಒಂದು ಪದರ ಚೀಸು. ಅದನ್ನು ಊಟವೆಂದು ಕರೆಯುವಷ್ಟು ಧೈರ್ಯ ಈ ಡಚ್ಚರಿಗಿದೆ. ಆದ್ದರಿಂದ ನಿವೃತ್ತ ಮೇಷ್ಟ್ರಾದ ನಾನೂ, ಮಗನ ಮನೆಗೆ ಬಂದು ನೆಲೆಸಿರುವ ಮಂಗಳೂರು ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ಭಟ್ಟರೂ ಹಿಂದಿನ ಓಣಿಯ ಪಿಟ್ಜಾ ಅಂಗಡಿಗೆ ಹೋಗುತ್ತೇವೆ. ಅಲ್ಲಿರುವವರೆಲ್ಲ ಇಟಾಲಿಯನ್ನರು. ಅಂಗಡಿಯೆಂದರೆ ಒಂದು ಕಿಟಕಿ; ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡು ಹೊರಗೆ ತಿನ್ನಬೇಕು. ಕಿಟಕಿಯ ಕೆಳಗೆ ಒಂದೇ ಒಂದು ಬೆಂಚು. ಬಿಸಿಯಾದ ಆಹಾರವೂ ಕನ್ನಡ ಬಲ್ಲ ಗೆಳೆಯನೂ ಒಟ್ಟಿಗೆ ದೊರೆಯುವ ಜಾಗ ನನ್ನ ಪಾಲಿಗೆ ಅದೊಂದೇ. ಆ ಬೆಂಚು ಹೋದರೆ ಉಳಿಯುವುದು ಬ್ರೆಡ್ಡು ಮತ್ತು ಅಳಿಯ.

ವಿಚಾರಣೆ

ಮೊದಲ ದಿನ ಭಟ್ಟರು ಕಿಟಕಿಯೊಳಗೆ ತಲೆ ತೂರಿಸಿ, ಸಾಲದ ಅರ್ಜಿಯನ್ನು ಪರಿಶೀಲಿಸುವ ಗಾಂಭೀರ್ಯದಿಂದ ಆರಂಭಿಸಿದರು. "ಈರುಳ್ಳಿ ಬೇಡ. ಬೆಳ್ಳುಳ್ಳಿ ಅಂತೂ ಬೇಡವೇ ಬೇಡ. ಅಣಬೆ ನಾವು ತಿನ್ನುವುದಿಲ್ಲ."

"ಚೀಸು?" ಎಂದ ಅಂಗಡಿಯವನು.

"ಅದಕ್ಕೆ ಕರುವಿನ ಹೊಟ್ಟೆಯ ರಸ ಹಾಕುತ್ತಾರಂತಲ್ಲ, ಹೌದಾ?"

ಅಂಗಡಿಯವನು ಹೌದೆಂದ. ಚೀಸೂ ಹೋಯಿತು.

"ಟೊಮೆಟೊ?"

"ಇರಲಿ. ಆದರೆ ನನಗೆ ಹುಳಿತೇಗಿನ ತೊಂದರೆ ಉಂಟು. ತೋರಿಸಿದ ಹಾಗೆ ಮಾಡಿದರೆ ಸಾಕು."

ಆತ ಬರಿದಾದ ಪೆಟ್ಟಿಗೆಯೊಂದನ್ನು ಕಿಟಕಿಯಲ್ಲಿಟ್ಟು ಕೇಳಿದ: "ಹಾಗಾದರೆ ಇದಿಷ್ಟೇ ಸಾಕೇ, ಅಥವಾ ಇದರ ಮುಚ್ಚಳವನ್ನೂ ತೆಗೆಯಬೇಕೇ?"

ಉಪಚಾರ

ತಿನ್ನುತ್ತಿರುವಾಗ ಯಾರಾದರೂ ಎದುರಿಗೆ ಹಾದುಹೋದರೆ "ಬನ್ನಿ, ಊಟ ಮಾಡುವ" ಎನ್ನುವುದು ಭಟ್ಟರ ವಾಡಿಕೆ. ಕರೆದವರು ಕರೆಯಬೇಕು, ಕರೆಸಿಕೊಂಡವರು "ಈಗಷ್ಟೇ ಆಯಿತು" ಎನ್ನಬೇಕು. ಹಸಿದಿದ್ದರೂ ಹಾಗೆಯೇ ಎನ್ನಬೇಕು. ಇಷ್ಟು ಸರಳವಾದ ಸಂಗತಿಯನ್ನು ಅರಿಯದ ಡಚ್ ಮಹಿಳೆಯೊಬ್ಬರು ಒಂದು ದಿನ ಸೈಕಲ್ಲನ್ನು ತಳ್ಳಿಕೊಂಡು ಆ ದಾರಿಯಲ್ಲಿ ಬಂದರು. ಭಟ್ಟರು ಇಂಗ್ಲಿಷಿನಲ್ಲಿ ಕರೆದರು. ಆಕೆ ಸೈಕಲ್ಲನ್ನು ನಿಲ್ಲಿಸಿ, ಚೀಲದಿಂದ ಡೈರಿಯನ್ನು ತೆಗೆದು, ಹಾಳೆಗಳನ್ನು ತಿರುವಿ ಹೇಳಿದರು: "ಇಂದು ಸಾಧ್ಯವಿಲ್ಲ. ಮುಂದಿನ ತಿಂಗಳ ಎರಡನೆಯ ಗುರುವಾರ, ಹನ್ನೆರಡೂವರೆಗೆ?"

"ಎಂಥ ಮಾರಾಯ್ರೆ ಇದು, ಉಪಚಾರಕ್ಕೂ ತಾರೀಕಾ?" ಎಂದು ಭಟ್ಟರು ನನ್ನ ಕಿವಿಯಲ್ಲಿ ಉಸುರಿದರು.

ಆ ಗುರುವಾರ ಆಕೆ ಗಡಿಯಾರದ ಮುಳ್ಳಿನಂತೆ ಬಂದರು. ಪಕ್ಕದಲ್ಲಿ ಕುಳಿತು, ಚೀಲವನ್ನು ಬಿಚ್ಚಿ, ತಣ್ಣನೆಯ ಎರಡು ತುಂಡು ಬ್ರೆಡ್ಡನ್ನು ಹೊರತೆಗೆದರು. ಯಾವುದರಿಂದ ಪಾರಾಗಲು ನಾನು ಆ ಬೆಂಚಿಗೆ ಬಂದಿದ್ದೆನೋ, ಅದನ್ನೇ ನಮ್ಮ ಆಮಂತ್ರಣದ ಮೇರೆಗೆ ತಂದಿದ್ದರು.

ರೆಕ್ಕೆಯುಳ್ಳ ಪಂಕ್ತಿ

ಭಟ್ಟರು ಎಲ್ಲಿ ಉಂಡರೂ ಪರಿಷೇಚನೆಯನ್ನು ಬಿಟ್ಟವರಲ್ಲ. ಪೆಟ್ಟಿಗೆಯ ಸುತ್ತ ನೀರು ಸುತ್ತಿಸಿ, ಯಮನಿಗೂ ಅವನ ಲೆಕ್ಕಿಗನಾದ ಚಿತ್ರಗುಪ್ತನಿಗೂ ಬಲಗಡೆ ಬೆಂಚಿನ ಮೇಲೆ ಪಿಟ್ಜಾದ ಚೂರುಗಳನ್ನಿಟ್ಟು ಚಿತ್ರಾಹುತಿಯನ್ನು ಪೂರೈಸಿದ ಮೇಲೆಯೇ ಬಾಯಿಗೆ ತುತ್ತು. ಯಮನು ಬಂದನೋ ಇಲ್ಲವೋ ತಿಳಿಯದು. ಕಡಲ ಹಕ್ಕಿಗಳಂತೂ ಬಂದವು. ಕ್ರಮೇಣ ಅವು ನಮಗಿಂತ ಮುಂಚೆ ಬಂದು ಸಾಲಾಗಿ ಕುಳಿತು, ನಾವು ತಡಮಾಡಿದರೆ ಗದರಿಸತೊಡಗಿದವು. ಒಂದು ಹಕ್ಕಿ ಗಿರಾಕಿಯೊಬ್ಬರ ಕೈಯಿಂದ ಅರ್ಧ ಪಿಟ್ಜಾವನ್ನು ಕಿತ್ತುಕೊಂಡು ಹೋದಾಗ ಅಂಗಡಿಯವನು ಹೊರಗೆ ಬಂದ.

"ನಾಳೆಯೂ ಈ ಹಕ್ಕಿಗಳು ಬಂದರೆ ಬೆಂಚನ್ನು ಒಳಗೆ ಎಳೆದುಕೊಳ್ಳುತ್ತೇನೆ."

ಮೇಲ್ಮಹಡಿಯ ಕಿಟಕಿಯಲ್ಲಿ ಸದಾ ಕಪ್ಪುಡುಪಿನಲ್ಲಿ ಕುಳಿತಿರುವ ಅವನ ಮುದಿತಾಯಿ ಇದೆಲ್ಲವನ್ನೂ ನೋಡುತ್ತಿದ್ದಳು.

"ಒಂದು ದಿನ ಚಿತ್ರಾಹುತಿಯನ್ನು ಬಿಟ್ಟರಾಗದೇ?" ಎಂದು ನಾನು ಬೇಡಿಕೊಂಡೆ.

"ಮೇಷ್ಟ್ರೇ, ನನ್ನ ವಯಸ್ಸಿನಲ್ಲಿ ಯಾರ ಹತ್ತಿರ ನಿಷ್ಠುರ ಕಟ್ಟಿಕೊಂಡರೂ ಆದೀತು, ಆ ಇಲಾಖೆಯವರ ಹತ್ತಿರ ಬೇಡ."

ಸಾವಿನ ಇಲಾಖೆ

ಮರುದಿನ ಭಟ್ಟರು ಚೂರುಗಳನ್ನಿಟ್ಟರು, ಹಕ್ಕಿಗಳು ಎರಗಿದವು, ಅಂಗಡಿಯವನು ಬೆಂಚಿನ ಒಂದು ತುದಿಯನ್ನು ಹಿಡಿದೇಬಿಟ್ಟ. ಅಷ್ಟರಲ್ಲಿ ಸಮವಸ್ತ್ರ ಧರಿಸಿದ ಪುರಸಭೆಯ ಅಧಿಕಾರಿಣಿಯೊಬ್ಬರು ಎದುರಿಗೆ ನಿಂತರು. ನೋಡಿದರೆ ನಮ್ಮ ಡೈರಿಯ ಮಹಿಳೆಯೇ! ಪರಿಚಯದ ಮುಗುಳ್ನಗೆ ಮಾತ್ರ ಮನೆಯಲ್ಲೇ ಉಳಿದಿತ್ತು.

"ಇಲ್ಲಿ ಹಕ್ಕಿಗಳಿಗೆ ಆಹಾರ ಹಾಕುವಂತಿಲ್ಲ. ದಂಡ ಬೀಳುತ್ತದೆ."

"ಹಕ್ಕಿಗಳಿಗಲ್ಲ ಮೇಡಂ, ಚಿತ್ರಗುಪ್ತನಿಗೆ. ಯಮನ ಕಚೇರಿಯ ಗುಮಾಸ್ತ. ಯಮ ಅಂದರೆ ಸಾವಿನ ಇಲಾಖೆ."

"ಅವರು ಈ ಪುರಸಭೆಯಲ್ಲಿ ನೋಂದಾಯಿತರೇ?"

"ಇಲ್ಲ. ಆದರೆ ಇಲ್ಲಿ ನೋಂದಾಯಿಸಿಕೊಂಡವರೆಲ್ಲರ ವಿಳಾಸ ಅವನ ಹತ್ತಿರ ಉಂಟು."

ಆಕೆ ದಂಡದ ಪುಸ್ತಕವನ್ನು ತೆರೆದರು. "ಹಕ್ಕಿಗಳಿಗೆ ಕೊಟ್ಟದ್ದಾದರೆ ದಂಡ. ಕಚೇರಿಯ ನೌಕರರಿಗೆ ಕೊಟ್ಟದ್ದಾದರೆ ಲಂಚ. ಯಾವುದನ್ನು ಬರೆದುಕೊಳ್ಳಲಿ?"

ಆಗ ಮುದುಕಿ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಒಂದು ಆಲಿವ್ ಕಾಯಿ. ಮೇಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಆಕೆ ಇಟಾಲಿಯನ್ನಿನಲ್ಲಿ ಏನನ್ನೋ ಹೇಳಿದಳು; ಮಗ ಬೆಂಚನ್ನು ಕೈಬಿಟ್ಟು, ನಾಚುತ್ತ ಅನುವಾದಿಸಿದ: "ಆ ಗುಮಾಸ್ತನಿಗೆ ಆಲಿವ್ ಆಗುತ್ತದೆಯೇ ಎಂದು ಕೇಳುತ್ತಿದ್ದಾಳೆ. ಅವನ ಪಟ್ಟಿಯಲ್ಲಿ ತನ್ನ ಹೆಸರನ್ನು ಸ್ವಲ್ಪ ಕೆಳಗೆ ಸರಿಸಬೇಕಂತೆ. ಬೆಂಚು ಇಲ್ಲೇ ಇರಬೇಕಂತೆ."

"ಚೂರುಗಳನ್ನು ಖಾಲಿ ಪೆಟ್ಟಿಗೆಯೊಂದರ ಒಳಗಿಟ್ಟು ಮುಚ್ಚಳ ಹಾಕಿಬಿಡಿ," ಎಂದರು ಅಧಿಕಾರಿಣಿ. "ಆಗ ಹಕ್ಕಿಗಳಿಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ."

ಬೆಂಚು ಉಳಿಯಿತು. ಮುಂದಿನ ತಿಂಗಳ ಎರಡನೆಯ ಗುರುವಾರ, ಹನ್ನೆರಡೂವರೆಗೆ, ಅಧಿಕಾರಿಣಿ ಸಾದಾ ಉಡುಪಿನಲ್ಲಿ ಬಂದು ಬ್ರೆಡ್ಡನ್ನು ಬಿಚ್ಚಿದರು. ಓಣಿಯ ಆಚೆ ನೋಡಿದರು, ಈಚೆ ನೋಡಿದರು. ಆಮೇಲೆ ಬ್ರೆಡ್ಡಿನ ಮೂಲೆಯೊಂದನ್ನು ಮುರಿದು, ಚಿತ್ರಗುಪ್ತನ ಪೆಟ್ಟಿಗೆಯ ಮುಚ್ಚಳವನ್ನು ಬೆರಳಷ್ಟು ಎತ್ತಿ, ಮುದುಕಿ ಅಂದು ಇಟ್ಟಿದ್ದ ಆಲಿವ್‌ನ ಪಕ್ಕದಲ್ಲಿಟ್ಟರು.

"ಮೇಡಂ, ಇದನ್ನು ಯಾವುದೆಂದು ಬರೆದುಕೊಳ್ಳುವುದು?" ಎಂದರು ಭಟ್ಟರು.

"ಏನೂ ಬರೆಯಬೇಕಾಗಿಲ್ಲ," ಎಂದರು ಆಕೆ, ಮುಚ್ಚಳವನ್ನು ಒತ್ತುತ್ತ. "ಈಗ ನನ್ನ ಊಟದ ವಿರಾಮ."