ಗಲ್ಲೆಯ ಬಲಗಣ್ಣು ಮಿಟುಕಿದರೆ ಹಲ್ವ ಕೊಡದಿರುವ ಬಗ್ಗೆ

ಹೋಟೆಲ್ ಆಡಳಿತ ವಿಭಾಗ, ಪ್ಯಾರೀಸ್ ಕಾರ್ನರ್ ಶಾಖೆ (ಬೇರೆ ಶಾಖೆ ಇರುವುದಿಲ್ಲ), ಚೆನ್ನೈ

ಸಂಖ್ಯೆ: ಹೋಆವಿ/ರೆಪ್ಪೆ/ಬಲ/1

ವಿಷಯ: ಮಾಲೀಕರಾದ ಶ್ರೀ ಮಧ್ವರಾಜರ ಬಲಗಣ್ಣಿನ ರೆಪ್ಪೆಗೂದಲು ಹಾಗೂ ತತ್ಸಂಬಂಧಿ ಹಲ್ವ ನಷ್ಟ.

ಉಲ್ಲೇಖ: ಕಣ್ಣಿನ ಡಾಕ್ಟರು ಮೊನ್ನೆ ಬೈದದ್ದು (ಮೌಖಿಕ).

ಮಾಲೀಕರ ಬಲಗಣ್ಣಿಗೆ ಗ್ಲುಕೋಮಾ ಇದ್ದು, ಕಣ್ಣಿನ ಒತ್ತಡ ಇಳಿಸಲು ಪ್ರೊಸ್ಟಗ್ಲ್ಯಾಂಡಿನ್ ಜಾತಿಯ ಹನಿಮದ್ದನ್ನು ದಿನಾ ರಾತ್ರಿ ಹಾಕತಕ್ಕದ್ದೆಂದು ಡಾಕ್ಟರು ಬರೆದುಕೊಟ್ಟಿರುತ್ತಾರೆ. ಒತ್ತಡ ಇಳಿಯಿತು. ಜೊತೆಗೆ ಅದೇ ಮದ್ದಿನಿಂದ ಆ ಒಂದೇ ಕಣ್ಣಿನ ರೆಪ್ಪೆಗೂದಲು ಕಪ್ಪಗೆ, ಉದ್ದಕ್ಕೆ, ಯಕ್ಷಗಾನದ ಸ್ತ್ರೀವೇಷಕ್ಕೆ ಒಪ್ಪುವಂತೆ ಬೆಳೆಯಿತು. ಮಾಲೀಕರು ದುಡ್ಡಿನ ಗಲ್ಲೆಯಲ್ಲಿ ಕೂತು ಬಲಗಣ್ಣು ಹೊಡೆದರೆ ‘ಗಿರಾಕಿ ನಮ್ಮೂರಿನವರು, ಪುಕ್ಕಟೆ ಹಲ್ವ ಕೊಡು’ ಎಂಬುದು ಈ ಹೋಟೆಲಿನ ಹಳೆಯ ಸನ್ನೆ. ಈಗ ಅವರು ಸುಮ್ಮನೆ ರೆಪ್ಪೆ ಬಡಿದರೂ ಸಪ್ಲೈಯರ್ ಮಿಥುನ್ ಹಲ್ವ ಹಿಡಿದು ಓಡುತ್ತಿರುವುದು ಗಮನಕ್ಕೆ ಬಂದಿರುತ್ತದೆ. ವೇಳಚೇರಿಯ ಜಯಲಕ್ಷ್ಮಮ್ಮ ಎಂಬ ಗಿರಾಕಿ ಸನ್ನೆ ತಮಗೇ ಎಂದು ಭಾವಿಸಿ ದಿನಾ ಮಲ್ಲಿಗೆ ಮುಡಿದು ಬರತೊಡಗಿರುತ್ತಾರೆ. ಇದರಿಂದ ನಾಚಿದ ಮಾಲೀಕರು ಯಾರಿಗೂ ಹೇಳದೆ ಹನಿ ಹಾಕುವುದನ್ನೇ ಬಿಟ್ಟಿದ್ದರಿಂದ ಒತ್ತಡ ಮತ್ತೆ ಏರಿರುತ್ತದೆ. ಆದುದರಿಂದ ಸರ್ವರಿಗೂ ತಿಳಿಯಪಡಿಸುವುದೇನೆಂದರೆ:

1. ಇನ್ನು ಮುಂದೆ ಎಡಗಣ್ಣು ಹೊಡೆದರೆ ಮಾತ್ರ ಸನ್ನೆ. ಎಡಗಣ್ಣೊಂದನ್ನೇ ಮುಚ್ಚಲು ಮಾಲೀಕರಿಗೆ ಬಾರದಿರುವುದರಿಂದ, ಅಭ್ಯಾಸವಾಗುವವರೆಗೆ ಅವರು ಎಡಕಿವಿ ಮುಟ್ಟತಕ್ಕದ್ದು.

2. ಗಾಳಿಗೆ ರೆಪ್ಪೆ ಅಲುಗದಂತೆ ಗಲ್ಲೆಯ ಫ್ಯಾನನ್ನು ಎಡಕ್ಕೆ ತಿರುಗಿಸಲಾಗಿದೆ. ಬಲಗಡೆಯ ಸೆಕೆಯನ್ನು ಮಾಲೀಕರೇ ಭರಿಸತಕ್ಕದ್ದು.

3. ಎರಡೂ ಕಣ್ಣು ಸಮ ಮಾಡಲು ಎಡಗಣ್ಣಿಗೂ ಹನಿ ಹಾಕುವ ಮಾಲೀಕರ ಪ್ರಸ್ತಾವನೆಯನ್ನು ತಿರಸ್ಕರಿಸಲಾಗಿದೆ. ರೆಪ್ಪೆಗೂದಲು ಕತ್ತರಿಸುವುದನ್ನೂ ನಿಷೇಧಿಸಲಾಗಿದೆ. ಅಡುಗೆಮನೆಯ ಕತ್ತರಿ ಹಾಲಿನ ಪ್ಯಾಕೆಟಿಗೆ ಮೀಸಲು.

4. ತೆಳು ರೆಪ್ಪೆಯವರಿಗೂ ಡಾಕ್ಟರು ಇದೇ ಜಾತಿಯ ಮದ್ದು ಕೊಡುವುದುಂಟೆಂದು ಮೊಬೈಲಿನಲ್ಲಿ ಓದಿ, ಮಾವನ ಬಾಟಲಿಯನ್ನೇ ಕೇಳಿರುವ ಸೊಸೆ ಹರ್ಷಿಣಿಯು ತನ್ನ ರೆಪ್ಪೆಗೆ ತಾನೇ ಡಾಕ್ಟರನ್ನು ಕಾಣತಕ್ಕದ್ದು.

5. ಸವೆದ ಪೊರಕೆಗೆ ಹನಿ ಹಾಕಿ ನೋಡಿದ ಸಿಬ್ಬಂದಿಗೆ ಈ ಮೂಲಕ ಎಚ್ಚರಿಕೆ ನೀಡಲಾಗಿದೆ. ಪೊರಕೆ ಬೆಳೆದಿರುವುದಿಲ್ಲ.

6. ಶಟರ್ ಎಳೆದ ಮೇಲೆ ಕೆಳಸಹಿದಾರರೇ ಖುದ್ದಾಗಿ ಹನಿ ಹಾಕುವರು. ‘ನಾಳೆ ಹಾಕುವ’ ಎಂಬ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ.

7. “ಈ ರೆಪ್ಪೆ ಇಟ್ಕೊಂಡು ಗಲ್ಲೆಯಲ್ಲಿ ಕೂರ್ಲಿಕ್ಕುಂಟಾ ಮಾರಾಯ್ತಿ, ಮರ್ಯಾದೆ ಹೋಗ್ತದೆ” ಎಂಬ ಮಾಲೀಕರ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಯಾವ ಮದ್ದಿಗೂ ವಾಪಸು ಬರುವುದಿಲ್ಲವೆಂದು ಡಾಕ್ಟರು ಹೇಳಿರುವುದನ್ನು ಕೇಳಿ ವಿಭಾಗಕ್ಕೆ ರಾತ್ರಿ ನಿದ್ದೆ ಬಂದಿರುವುದಿಲ್ಲ.

ಸಹಿ/-
ಗುಣವತಿ
ಆಡಳಿತಾಧಿಕಾರಿ ಹಾಗೂ ಮಾಲೀಕರ ಹೆಂಡತಿ

ಪ್ರತಿಗಳು:
ಮಿಥುನ್‌ಗೆ, ಹಲ್ವದ ತಟ್ಟೆ ಕೆಳಗಿಡುವ ಸೂಚನೆಯೊಂದಿಗೆ.
ಹರ್ಷಿಣಿಗೆ, ಹನಿಮದ್ದಿನ ಬಾಟಲಿ ಇರುವ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.
ಜಯಲಕ್ಷ್ಮಮ್ಮನವರಿಗೆ, ವಿಷಾದಪೂರ್ವಕವಾಗಿ, ಒಂದು ಹಲ್ವ ಸಹಿತ.
ಮಾಲೀಕರಿಗೆ, ಖುದ್ದಾಗಿ. ಓದಲು ಕಷ್ಟವಾದರೆ ಹೇಳಿ, ಬೈಯದೆ ನಾನೇ ಓದಿ ಹೇಳುತ್ತೇನೆ.