ತಿಮಿಂಗಿಲದ ಎದೆಬಡಿತ

ಆರು ವರ್ಷ ತಿಮಿಂಗಿಲಗಳ ಹಿಂದೆ ಬಿದ್ದ ಸಂಶೋಧಕನಿಗೆ ಇದುವರೆಗೆ ದಕ್ಕಿದ್ದು ಬೋಡು ತಲೆಯೊಂದೇ. ಇವತ್ತು ಸಂಜೆಯೊಳಗೆ ತಿಮಿಂಗಿಲದ ಎದೆಬಡಿತ ಒಪ್ಪಿಸದಿದ್ದರೆ ಸಮಿತಿ ಅವನನ್ನು ಕೆಲಸದಿಂದ ತೆಗೆಯುವುದಿತ್ತು. ನಿನ್ನೆ ಹರಸಾಹಸ ಮಾಡಿ, ಒಂದರ ಬೆನ್ನಿಗೆ ಎದೆಬಡಿತ ಅಳೆದು ಕಳಿಸುವ ಅಂಗೈಯಗಲದ ಯಂತ್ರ ಅಂಟಿಸಿ ಬಂದಿದ್ದ. ಬೆಳಗ್ಗೆ ನೋಡಿದರೆ ಅದರ ಸಿಗ್ನಲ್ ಊರೊಳಗಿನಿಂದ ಬರುತ್ತಿದೆ.

"ತಿಮಿಂಗಿಲ ತರಕಾರಿಗೆ ಬಂದಿರಬೇಕು," ಎಂದ ಪಕ್ಕದ ಮೇಜಿನವನು, ತಲೆಯೆತ್ತದೆ.

ಸಂಶೋಧಕ ಹಲ್ಲು ಕಚ್ಚಿಕೊಂಡು, ಆಂಟೆನಾ ಹಿಡಿದು ಬೀದಿಗಿಳಿದ. ಮೂರನೇ ಮನೆಯಾಕೆ ಅಡ್ಡ ನಿಂತಳು.

"ಟಿವಿಯೋರಾ? ನಾಲ್ಕು ದಿನದಿಂದ ಫೋನ್ ಮಾಡ್ತಿದೀನಿ, ಈಗ ಬಂದ್ರಲ್ಲ."

"ನಾನು ತಿಮಿಂಗಿಲದೋನು ಅಮ್ಮ."

"ಯಾವ ಕಂಪನಿ ಆದ್ರೇನು, ಮಾಡಿನ ಮೇಲೆ ಹತ್ತಿ."

ಹತ್ತಿಸದೆ ಬಿಡುವ ಪೈಕಿಯಲ್ಲ ಆಕೆ. ಹತ್ತಿ ಇಳಿಯುವಷ್ಟರಲ್ಲಿ ಪ್ಯಾಂಟು ಮೊಳೆಗೆ ಸಿಕ್ಕಿ ಹರಿದಿತ್ತು, ಕೆಳಗೆ ಇನ್ನೂ ಇಬ್ಬರು ಕಾದಿದ್ದರು. ಅವರ ಟಿವಿಗಳೂ ಮುಗಿದಾಗ ಮಧ್ಯಾಹ್ನ ದಾಟಿತ್ತು.

ಕಡೆಗೆ ಸಿಗ್ನಲ್ ಕರೆದೊಯ್ದದ್ದು ನಿನ್ನೆ ಅವನನ್ನು ಸಮುದ್ರಕ್ಕೊಯ್ದ ದೋಣಿಯವನ ಮನೆಗೆ. ಒಳಗೆ ದೋಣಿಯವನ ಅತ್ತೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಎದೆಯ ಮೇಲೆ ಲಾಡಿಯಲ್ಲಿ ಬಿಗಿದ ಯಂತ್ರ.

"ಎದೆ ನೋಡೋ ಯಂತ್ರ ಅಂತ ನೀವೇ ಹೇಳಿದ್ರಲ್ಲ ಸಾರ್," ಎಂದ ದೋಣಿಯವನು. "ಬೆಳಗ್ಗೆ ನೀರಲ್ಲಿ ತೇಲ್ತಿತ್ತು. ಡಾಕ್ಟ್ರಿಗೆ ತೋರಿಸು ಅಂತ ಅತ್ತೆ ಒಂದು ತಿಂಗಳಿಂದ ಪ್ರಾಣ ತಿಂತಿದ್ರು."

"ಅದು ತಿಮಿಂಗಿಲಕ್ಕೆ ಕಣಯ್ಯಾ."

"ಎದೆ ಅಂದ್ರೆ ಎದೆನೇ ಅಲ್ವಾ ಸಾರ್."

ಹೊಸದು ತುಂಬಿದಂತೆ ಹಳೆಯದನ್ನು ಅಳಿಸಿಹಾಕುವ ಯಂತ್ರ ಅದು. ತಿಮಿಂಗಿಲದ ಒಂದು ಬಡಿತವೂ ಉಳಿದಿರಲಿಲ್ಲ. ಸಂಶೋಧಕನಿಗೆ ಅಳುವೇ ಬಂತು. ಅಷ್ಟರಲ್ಲಿ ಮೇಲಧಿಕಾರಿಯ ಫೋನು.

"ಭೇಷ್ ಕಣ್ರೀ. ನಿಮ್ಮ ಯಂತ್ರ ಬೆಳಗ್ಗೆಯಿಂದ ಕಳಿಸ್ತಿರೋದನ್ನ ಇಡೀ ಸಮಿತಿ ಕೂತು ನೋಡ್ತು. ತಿಮಿಂಗಿಲ ಮುಳುಗಿದಾಗ ಎದೆ ನಿಮಿಷಕ್ಕೆ ಹತ್ತು ಸಲ ಬಡಿದ್ರೆ ಹೆಚ್ಚು ಅಂತ ನಾವೆಲ್ಲ ಓದಿದ್ದು. ನಿಮ್ಮದು ದಿನವಿಡೀ ಎಪ್ಪತ್ತೆರಡು. ಊಟದ ಹೊತ್ತಾದ ಮೇಲೆ ನಿದ್ದೆ ಬೇರೆ. ಶಾಸ್ತ್ರನೇ ತಲೆಕೆಳಗಾಯ್ತು."

"ಸಾರ್, ಅದು ತಿಮಿಂಗಿಲ ಅಲ್ಲ..."

"ನಮಗೂ ಹಾಗೇ ಅನ್ನಿಸ್ತು, ಹೊಸ ಜಾತಿನೇ ಇರಬೇಕು. ಪತ್ರಿಕೆಯೋರಿಗೂ ಹೇಳಿಯಾಯ್ತು. ಇನ್ನೆರಡು ವರ್ಷ ನಿಮ್ಮ ಕೆಲಸ ಗಟ್ಟಿ. ಒಂದೇ ಷರತ್ತು, ಇದೇ ಪ್ರಾಣಿ ಮೇಲೆ ಅಧ್ಯಯನ ನಡೀಬೇಕು. ನಾಳೆ ಬೆಳಗ್ಗೆ ಸಮಿತಿ ಅದನ್ನ ಕಣ್ಣಾರೆ ನೋಡೋಕೆ ಬರತ್ತೆ."

ಫೋನು ಕಟ್ಟಾಯಿತು. ಗದ್ದಲಕ್ಕೆ ಅತ್ತೆ ಕಣ್ಣು ಬಿಟ್ಟಳು.

"ಏನಂದ್ರು ಡಾಕ್ಟ್ರೇ? ನನ್ನ ಎದೆ ಸರಿ ಇದ್ಯಂತಾ?"

"ನಿಮ್ಮದೇನೋ ಸರಿ ಇದೆ ಅಜ್ಜಿ," ಎನ್ನುತ್ತ ಸಂಶೋಧಕ ತನ್ನ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತ.